ಆಪರೇಷನ್ ಚೆನ್ನಾಗೇ ಆಯ್ತಲ್ಲ, ಮತ್ತೆ ಯಾಕೆ ಮಂಕಾಗಿದ್ದಾನೆ?

ಮುಖದ ಮೂಳೆ ಮುರಿದವರ ವಾರ್ಡಿನಲ್ಲಿ ನಾನು ನರ್ಸ್. ನಮ್ಮಲ್ಲಿಗೆ ಬೈಕಿನಿಂದ ಬಿದ್ದು ಬರುವವರೇ ಜಾಸ್ತಿ. ಚೆಕಪ್‌ಗೆ ಕರೆತರುವ ಮನೆಯವರು ತಪ್ಪದೆ ಕೇಳುತ್ತಾರೆ: "ಸಿಸ್ಟರ್, ಜೀವ ಉಳೀತು, ಆಪರೇಷನ್ನೂ ಚೆನ್ನಾಗಿ ಆಯ್ತು. ಮತ್ತೆ ಯಾಕೆ ಹೀಗೆ ಗೋಡೆ ನೋಡ್ತಾ ಕೂತಿರ್ತಾನೆ?"

ಹಟಕ್ಕೆ ಹಾಗೆ ಕೂತಿರುವುದಿಲ್ಲ. ಆ ಮಂಕು ಕೂಡ ಪೆಟ್ಟಿನ ಜೊತೆಗೇ ಬಂದದ್ದು. ಅದಕ್ಕೂ ಚಿಕಿತ್ಸೆ ಬೇಕು.

ಅವನ ದಿನ ಹೇಗಿರುತ್ತದೆ ನೋಡಿ. ಟೈಟಾನಿಯಂ ಪ್ಲೇಟ್ ಹಾಕಿದರೂ ದವಡೆ ಮೂಳೆ ಕೂಡಲು ಸುಮಾರು 6 ವಾರ ಬೇಕು. ಕೆಲವರಿಗೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿರುತ್ತಾರೆ. ಆಗ ರಾಗಿ ಅಂಬಲಿ, ಗಂಜಿ, ಮಿಕ್ಸಿಗೆ ಹಾಕಿ ಸೋಸಿದ ಸಾರು ಇಷ್ಟೇ ಊಟ. ಅಡುಗೆಮನೆಯಿಂದ ಒಗ್ಗರಣೆ ಘಮ ಬರುತ್ತಿರುತ್ತದೆ, ಇವನು ಲೋಟ ಹಿಡಿದು ಕೂತಿರುತ್ತಾನೆ. ತೂಕ ಇಳಿಯುತ್ತದೆ. ತಲೆ ಎತ್ತರಕ್ಕಿಟ್ಟು ಮಲಗಬೇಕು, ನಿದ್ದೆ ಹತ್ತುವುದಿಲ್ಲ. ಮಾತು ಹಲ್ಲಿನ ಸಂದಿಯಿಂದ ಬರುತ್ತದೆ. ನೀವು ಎರಡು ಸಲ "ಏನಂದೆ?" ಅಂದರೆ ಮೂರನೇ ಸಲ ಸುಮ್ನಾಗಿಬಿಡುತ್ತಾನೆ. ಹೀಗಿದ್ದರೆ ಯಾರಾದರೂ ಕುಗ್ಗುತ್ತಾರೆ, ಅಲ್ವಾ?

ಇನ್ನು ಮುಖದ ಮಾತು. ಕೈ ಮುರಿದರೆ ಜನ ಪಟ್ಟಿ ನೋಡಿ ವಿಚಾರಿಸುತ್ತಾರೆ. ಮುಖಕ್ಕೆ ಪೆಟ್ಟಾದರೆ ನೋಡಿ, ತಟಕ್ಕನೆ ಕಣ್ಣು ತಿರುಗಿಸುತ್ತಾರೆ. ಅದು ಅವನಿಗೆ ಗೊತ್ತಾಗುತ್ತದೆ. ಊತ ಬಹುಪಾಲು ಕೆಲವು ವಾರದಲ್ಲಿ ಇಳಿದರೂ ಗಾಯದ ಗುರುತು ಮಾಗಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನರಕ್ಕೆ ಪೆಟ್ಟಾಗಿದ್ದರೆ ಕೆನ್ನೆ, ತುಟಿ ಜೋಮು ಹಿಡಿದಂತಿರುತ್ತವೆ. ತಿಂಗಳುಗಟ್ಟಲೆ ಆದ ಮೇಲೆ ಸ್ಪರ್ಶ ಮರಳಬಹುದು, ಕೆಲವರಿಗೆ ಪೂರ್ತಿ ಬರುವುದಿಲ್ಲ. ತನ್ನ ಮಗು ಕೆನ್ನೆಗೆ ಮುತ್ತು ಕೊಟ್ಟರೂ ಗೊತ್ತಾಗದು. ಇದನ್ನು ಹೇಳಿಕೊಳ್ಳುವುದಾದರೂ ಯಾರ ಹತ್ತಿರ?

ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ ಹೆರಾಲ್ಡ್ ಗಿಲ್ಲಿಸ್ ಎಂಬ ಸರ್ಜನ್ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಆಸ್ಪತ್ರೆ ಕಟ್ಟಿಸಿದರು. ಅಲ್ಲಿನ ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮುಚ್ಚಿಟ್ಟು ಉಪಯೋಗವಿಲ್ಲ. ಮೊದಲ ಸಲ ಮುಖ ನೋಡಿಕೊಳ್ಳುವಾಗ ಪಕ್ಕದಲ್ಲಿ ಒಬ್ಬರು ಕೂತಿರಬೇಕು, ಊತ ಎಷ್ಟು, ಮುಂದೆ ಏನು ಇಳಿಯುತ್ತದೆ ಅಂತ ಹೇಳಬೇಕು. ನಾನು ಹಾಗೇ ಮಾಡುತ್ತೇನೆ.

ಆಸ್ಪತ್ರೆಯಲ್ಲಿ ಧೈರ್ಯವಾಗಿದ್ದವರು ಮನೆಗೆ ಹೋದ ಮೇಲೆ ಕುಸಿಯುವುದನ್ನು ಬಹಳ ನೋಡಿದ್ದೇನೆ. ಅಷ್ಟರಲ್ಲಿ ನೋಡಲು ಬರುವವರು ನಿಂತಿರುತ್ತಾರೆ, ರಜೆ ಮುಗಿದಿರುತ್ತದೆ, ಸಾಲದ ಕಂತು ಶುರುವಾಗಿರುತ್ತದೆ. ಗಂಡನ ಹೊಡೆತಕ್ಕೆ ದವಡೆ ಮುರಿದು ಬಂದ ಹೆಂಗಸರಂತೂ ಹೊಡೆತ ತಿಂದ ಮನೆಗೇ ವಾಪಸ್ ಹೋಗುತ್ತಾರೆ. ಅವರಿಗೆ ಧೈರ್ಯದ ಮಾತು ಸಾಲದು. ಮಹಿಳಾ ಸಹಾಯವಾಣಿ 181 ನಂಬರನ್ನು ಕೈಯಲ್ಲಿಟ್ಟೇ ಕಳಿಸಬೇಕು.

"ಇನ್ನೊಬ್ಬರ ಕಾಲೇ ಹೋಯ್ತು, ನೀನು ಪುಣ್ಯವಂತ" ಅನ್ನಬೇಡಿ. ಈ ಮಾತು ಕೇಳಿದವರು ತಮ್ಮ ದುಃಖಕ್ಕೆ ತಾವೇ ನಾಚಿಕೊಂಡು ಬಾಯಿ ಮುಚ್ಚುತ್ತಾರೆ. ಪಕ್ಕದಲ್ಲಿ ಕೂತು ಅವನ ಮಾತು ಮುಗಿಯುವವರೆಗೆ ಕಾಯಿರಿ. ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ಇದ್ದರೆ ಡಾಕ್ಟರಿಗೆ ಹೇಳಿ. ಮುಖದ ಜೊತೆ ತಲೆಗೂ ಪೆಟ್ಟಾಗಿರಬಹುದು. ಸಿಡುಕು, ಮರೆವು, ಮಂಕುತನ ಅದರಿಂದಲೂ ಬರುತ್ತವೆ, ಹಾಗಾಗಿ ಅದನ್ನೂ ನೋಡಿಸಬೇಕು. ಖಿನ್ನತೆಗೆ ಮಾತ್ರೆ ಕೊಟ್ಟರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡಬೇಡಿ.

ಡಾಕ್ಟರ್ ಹತ್ತಿರವಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. "ಬದುಕಿ ಏನು ಪ್ರಯೋಜನ" ಅನ್ನುವ ಮಾತು ಒಂದು ಸಲ ಬಂದರೂ ಒಬ್ಬನೇ ಬಿಡಬೇಡಿ. ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಅವತ್ತೇ ಕರೆತನ್ನಿ.