ಗೋಡೆಯ ಜೀವವೃಕ್ಷ: ಕೊಳೆರೋಗ ಕೊಂಬೆ ಬದಲಾಯಿಸಿತು

ಆರಿದ್ರಾ ಮಳೆ ಹಿಡಿದಾಗ ಶುರು ಮಾಡಿದ ಕೆಲಸ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ, ತೋಟದಲ್ಲಿ ಸಿಗುವ ಕೋಶಕೇಂದ್ರವುಳ್ಳ ಜೀವಿಗಳನ್ನೆಲ್ಲ ಒಂದು ಮರದ ಚಿತ್ರದಲ್ಲಿ ಕೂರಿಸಬೇಕು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಮಗುಚಿ ಜಗಲಿಯ ಗೋಡೆಗೆ ಅಂಟಿಸಿದ್ದೇನೆ. ಮೊದಲು ಶಾಲೆಯಲ್ಲಿ ಕಲಿತಂತೆ, ವಿಜ್ಞಾನಿ ವಿಟೇಕರ್ 1969ರಲ್ಲಿ ಮಾಡಿದ ಜೀವಿಗಳ ಐದು ಸಾಮ್ರಾಜ್ಯಗಳನ್ನು ಬರೆದೆ. ಅದರಲ್ಲಿ ಪ್ರೊಟಿಸ್ಟಾ ಎಂಬುದು ನಮ್ಮ ಅಟ್ಟದ ಹಾಗೆ. ಎಲ್ಲಿಡಬೇಕೆಂದು ತೋಚದ್ದೆಲ್ಲ ಅಲ್ಲಿಗೆ. ಅಳಿಸಿ, ಡಿಎನ್‌ಎ ನೋಡಿ ಗುರುತಿಸಿದ ಕವಲುಗಳನ್ನು ಬರೆದುಕೊಂಡೆ.

ಪುನರ್ವಸುವಿನಲ್ಲಿ ಅಬ್ಬಿ ನೀರಿನ ದಂಬೆಯಿಂದ (ಸೀಳಿದ ಅಡಿಕೆ ಮರದ ಕಾಲುವೆ) ಕಂದು ಲೋಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತುಂಬ ಡಯಾಟಮ್ ಎಂಬ ಒಂಟಿಕೋಶದ ಪಾಚಿಗಳು, ದೋಣಿಯಾಕಾರದ ಗಾಜಿನ ಡಬ್ಬಿಗಳು. ಕಂದು ಪಾಚಿಗಳೂ ಸೇರುವ ಸ್ಟ್ರಾಮೆನೊಪೈಲ್ ಕೊಂಬೆಗೆ ಹೋದವು.

ಪುಷ್ಯ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬಂತು. ಉದುರಿದ ಅಡಿಕೆಯ ಮೇಲಿನ ಕಲೆಯ ಅಂಚನ್ನು ಕೊಯ್ದು ನೀರಿನಲ್ಲಿಟ್ಟೆ. ಎರಡು ಸಲ ಬರೀ ಬ್ಯಾಕ್ಟೀರಿಯಾ ಮತ್ತು ನಾತ. ಮೂರನೆಯ ಸಲ ಒಂದು ದಿನ ಬಿಟ್ಟು, ಅರ್ಧ ಗಂಟೆ ಫ್ರಿಜ್ಜಿನಲ್ಲಿ ತಣಿಸಿ ಹೊರಗಿಟ್ಟೆ. (ಮೊಸರಿನ ಪಕ್ಕ ಕೊಳೆತ ಅಡಿಕೆ ಇಟ್ಟದ್ದಕ್ಕೆ ಅಮ್ಮ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.) ನಿಂಬೆಹಣ್ಣಿನಂಥ ಚೀಲವೊಂದರ ಒಳಗೆ ಏನೋ ಕದಡಿದಂತಾಯಿತು. ಮೂತಿ ಬಿಚ್ಚಿಕೊಂಡು ಸಣ್ಣ ಬೀಜಕಗಳು ಒಂದರ ಹಿಂದೊಂದು ನುಸುಳಿ ಹೊರಬಂದವು, ತಿರುಗುತ್ತ ಈಜಿ ಹೋದವು. ಎಣಿಸಲು ಹೊರಟು ಹದಿನಾಲ್ಕಕ್ಕೆ ತಪ್ಪಿದೆ. ಮಳೆ ಬಿಡದ ವರ್ಷ ಕೊಳೆ ಏಕೆ ಹೆಚ್ಚು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಇದನ್ನು ನಾನು ಅಣಬೆಯ ಪಕ್ಕ ಬರೆದಿದ್ದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದಾಗಲೂ ಅದು ಶಿಲೀಂಧ್ರವೆಂದೇ ಲೆಕ್ಕ. ಆದರೆ ಕೊಳೆ ತರುವ ಜೀವಿ ಫೈಟಾಫ್ತೊರಾದ ಕೋಶಭಿತ್ತಿಯಲ್ಲಿ ಅಣಬೆಯಂತೆ ಕೈಟಿನ್ ಮುಖ್ಯವಲ್ಲ, ಸೆಲ್ಯುಲೋಸ್ ಇದೆ. ಈಜುವ ಬೀಜಕಕ್ಕೆ ಎರಡು ಬಾಲ, ಒಂದಕ್ಕೆ ರೋಮ. ಡಿಎನ್‌ಎ ಪ್ರಕಾರ ದಂಬೆಯ ಲೋಳೆ, ತೋಟದ ಕೊಳೆ ದಾಯಾದಿಗಳು! ಅಣಬೆಯೋ, ಪ್ರಾಣಿಗಳ ಕವಲಿಗೆ ಹತ್ತಿರ. ಎಂದರೆ ನಮ್ಮ ಕಡೆಯ ನೆಂಟ. ಕೊಳೆಯ ಚೀಟಿಯನ್ನು ಕಿತ್ತು ಡಯಾಟಮ್ ಪಕ್ಕ ಅಂಟಿಸಿದೆ.

ಜಗಲಿಯಲ್ಲಿ ಕವಳ ಹಾಕುತ್ತ ನೋಡುತ್ತಿದ್ದ ಅಪ್ಪಯ್ಯ ಕೇಳಿದರು: "ಎಲೆಚುಕ್ಕೆ ರೋಗಕ್ಕೆ ತಂದ ಪ್ರೊಪಿಕೊನಜೋಲ್ ಔಷಧಿ ಉಳಿದಿದೆಯಲ್ಲ, ಕೊಳೆಗೂ ಅದನ್ನೇ ಹೊಡೆಸೋಣವೇ?"

ಬೇಡವೆಂದೆ. ಎಲೆಚುಕ್ಕೆ ತರುವುದು ನಿಜವಾದ ಶಿಲೀಂಧ್ರ. ಆ ಔಷಧಿ ಕೆಲಸ ಮಾಡುವುದು ಶಿಲೀಂಧ್ರ ತನ್ನ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಸುವುದನ್ನು ತಡೆದು. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಅಡುಗೆಮನೆಗೆ ಬೀಗ ಹಾಕಿದಂತೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವಾದರೆ ಎರಡಕ್ಕೂ ಆಗುತ್ತದೆ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಅಪ್ಪಯ್ಯ ಗೋಡೆಯತ್ತ ಇನ್ನೊಮ್ಮೆ ನೋಡಿ, "ಹಾಗಾದರೆ ಇದನ್ನು ಸದ್ಯಕ್ಕೆ ಕೀಳಬೇಡ" ಎಂದರು.

ಕೊಟ್ಟಿಗೆಯ ಸೌದೆ ಮೇಲೆ ಹಳದಿ ಲೋಳೆ ಬೂಷ್ಟು ಹಬ್ಬಿದೆ. ಹೆಸರು ಬೂಷ್ಟು, ಜಾಗ ಅಮೀಬಾ ಕೊಂಬೆ. ಅದರ ಚೀಟಿ ಬರೆದಿಲ್ಲ. ಮೂರು ದಿನದಿಂದ ಕರೆಂಟಿಲ್ಲ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನೂ ಸಿಕ್ಕಿಲ್ಲ.