ಆಷಾಢ ಶುಕ್ರವಾರದ ಹರಕೆ: ಬೀಡಿ, ಸಿಗರೇಟು ಬಿಡುವವರಿಗೆ

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುವವರು ಮಕ್ಕಳಿಗೆ, ಮನೆಗೆ, ಕಾಯಿಲೆ ವಾಸಿಯಾಗಲೆಂದು ಹರಕೆ ಹೊರುತ್ತಾರೆ. ಸಿಗರೇಟು ಬಿಡುವ ಹರಕೆಗೂ ಇದೇ ತಿಂಗಳು ಚೆನ್ನ. ಆಷಾಢದಲ್ಲಿ ಮದುವೆಯಿಲ್ಲ, ಬೀಗರೂಟವಿಲ್ಲ. ನಾಲ್ಕು ಜನ ಸೇರಿ ದಂ ಎಳೆಯುವ ಸಂದರ್ಭಗಳೇ ಕಡಿಮೆ. ನಿಕೋಟಿನ್ ಬಿಟ್ಟಾಗಿನ ಸಿಡುಕು, ಚಡಪಡಿಕೆ, ನಿದ್ದೆಗೇಡು ಮೊದಲ ಎರಡು ಮೂರು ದಿನ ಜೋರಾಗಿದ್ದು, ಮೂರು ನಾಲ್ಕು ವಾರಕ್ಕೆ ಬಹುಪಾಲು ಇಳಿಯುತ್ತವೆ. ತಾಯಿಯ ಶುಕ್ರವಾರಗಳು ಆ ಲೆಕ್ಕಕ್ಕೆ ಸರಿಯಾಗಿ ಬೀಳುತ್ತವೆ.

ಹರಕೆ ಹೊರುವ ಹಿಂದಿನ ವಾರ, ಯಾವ ಯಾವ ಹೊತ್ತಿಗೆ ಹಚ್ಚುತ್ತೀರೆಂದು ಪ್ಯಾಕಿನ ಮೇಲೇ ಬರೆದಿಡಿ. ಎದ್ದ ಕೂಡಲೇ, ಕಾಫಿ ಜೊತೆ, ಊಟವಾದ ಮೇಲೆ: ನಿಮ್ಮ ಗಂಡಾಂತರದ ಹೊತ್ತುಗಳು ಅಲ್ಲೇ ಸಿಗುತ್ತವೆ. ಗುರುವಾರ ರಾತ್ರಿ ಉಳಿದ ಬೀಡಿ, ಲೈಟರು ಎಲ್ಲ ಮನೆಯಿಂದಾಚೆ ಹೋಗಬೇಕು.

‘ಈ ಜನ್ಮದಲ್ಲಿ ಮುಟ್ಟಲ್ಲ’ ಅನ್ನಬೇಡಿ. ‘ಮುಂದಿನ ಶುಕ್ರವಾರದವರೆಗೆ ಒಂದು ದಂ ಕೂಡ ಎಳೆಯಲ್ಲ, ನೀನೇ ಕಾಯಿ ತಾಯಿ’ ಅಂದರೆ ಸಾಕು. ವಾರವಾರ ಅದನ್ನೇ ಮತ್ತೆ ಹೊತ್ತುಕೊಳ್ಳಿ. ಪ್ರತಿರಾತ್ರಿ ಆ ದಿನದ ಸಿಗರೇಟಿನ ದುಡ್ಡನ್ನು ಅರಿಶಿನದ ಬಟ್ಟೆಯಲ್ಲಿ ದೇವರ ಮನೆಯಲ್ಲಿಡಿ. ಕೊನೆಯ ಶುಕ್ರವಾರ ಆ ಮುಡಿಪು ಹುಂಡಿಗೆ ಸೇರಲಿ.

ಮೆಟ್ಟಿಲು ಹತ್ತುವ ಶಕ್ತಿಯಿದ್ದವರು ಹತ್ತಿ. ಸಾವಿರದಷ್ಟು ಮೆಟ್ಟಿಲು, ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಸಿಗುವುದು ಸುಮಾರು 700ನೆಯದರ ಹತ್ತಿರ. ಎದೆನೋವಿನ ಕಾಯಿಲೆಯಿರುವವರಿಗೆ ಬಸ್ಸಿದೆ, ದೇವಿಗೆ ಎರಡೂ ಒಂದೇ. ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಹೆಚ್ಚಾಗುತ್ತದೆ. ಶ್ವಾಸನಾಳ ಮತ್ತೆ ಕಫ ಹೊರಹಾಕಲು ಶುರುಮಾಡಿರುತ್ತದೆ; ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ. ವಾರಗಟ್ಟಲೆ ಇಳಿಯದಿದ್ದರೆ, ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ.

ಚಟದ ಸೆಳೆತ ಐದು ಹತ್ತು ನಿಮಿಷದ್ದು. ಲವಂಗ ಬಾಯಿಗೆ ಹಾಕಿ, ನೀರು ಕುಡಿದು, ಹತ್ತು ನಿಮಿಷ ನಾಮ ಜಪಿಸಿ. ಕಾಫಿಯನ್ನು ಅರ್ಧಕ್ಕಿಳಿಸಿ: ಹೊಗೆ ನಿಂತರೆ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆ ನಡುಕವನ್ನೇ ಜನ ಸಿಗರೇಟಿನ ಹಸಿವೆಂದುಕೊಳ್ಳುತ್ತಾರೆ. ಕಡ್ಡಿಪುಡಿ, ಗುಟ್ಕಾಕ್ಕೆ ತಿರುಗಿದರೆ ಮಾತ್ರ ಬಿಟ್ಟಂತಲ್ಲ.

ನಿಕೋಟಿನ್ ಗಮ್ ತಿಂದರೆ ಹರಕೆಗೆ ಭಂಗವೇ ಎಂದು ಹಲವರಿಗೆ ಅಳುಕು. ಭಂಗವಿಲ್ಲ, ಬಿಟ್ಟದ್ದು ಹೊಗೆಯನ್ನು. 2 ಮಿಲಿಗ್ರಾಂ ಗಮ್ಮನ್ನು ನಿಧಾನವಾಗಿ ಅಗಿದು, ಖಾರ ಹತ್ತಿದಾಗ ಕೆನ್ನೆ ಒಸಡಿನ ನಡುವೆ ಇಟ್ಟುಕೊಳ್ಳಿ, ಖಾರ ಇಳಿದರೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಬಬಲ್ ಗಮ್ಮಿನಂತೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರುತ್ತದೆ. ಕಾಫಿ ಕುಡಿದ ಕಾಲು ಗಂಟೆಯೊಳಗೆ ತಿಂದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗರ್ಭಿಣಿಯರು, ಹೃದ್ರೋಗಿಗಳು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಹೆಚ್ಚಿನವರು ಸೋಲುವುದು ಒಂದು ಸಿಗರೇಟಿನಿಂದಲ್ಲ, ‘ಹೇಗೂ ಹರಕೆ ಮುರಿಯಿತು’ ಎಂದು ಆಮೇಲೆ ಸೇದುವ ಪ್ಯಾಕಿನಿಂದ. ಅದಕ್ಕೇ ನಮ್ಮ ಹಿರಿಯರು ತಪ್ಪುಕಾಣಿಕೆ ಇಟ್ಟದ್ದು. ಕೈ ಜಾರಿದ ಕೂಡಲೇ ಉಳಿದದ್ದನ್ನು ನೀರಿಗೆ ಹಾಕಿ, ಮುಡಿಪಿಗೆ ಒಂದು ದಿನದ ದುಡ್ಡು ಹೆಚ್ಚಿಗೆ ಸೇರಿಸಿ, ಆ ಗಳಿಗೆಯಿಂದಲೇ ಹರಕೆ ಮುಂದುವರಿಸಿ. ಮಕ್ಕಳ ಮೇಲೆ ತಾಯಿ ಹಗೆ ಸಾಧಿಸುವುದಿಲ್ಲ.

ಶ್ರಾವಣ ಬಂದರೆ ಮದುವೆ ಕಾಗದಗಳು ಬರುತ್ತವೆ. ಮಂಡ್ಯ ಕಡೆಯ ಬೀಗರೂಟಕ್ಕೆ ಹೋಗುವ ಮುಂಚೆಯೇ ಜೊತೆಯವರೊಬ್ಬರಿಗೆ ಹರಕೆಯ ವಿಷಯ ಹೇಳಿಟ್ಟಿರಿ. ಮೊದಲ ಪಂಕ್ತಿಯಲ್ಲೇ ಕೂತು, ಗುಂಡು ಮುಟ್ಟದೆ, ಉಂಡು ಎದ್ದುಬಿಡಿ. ತೀರಾ ತಡೆಯಲಾಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ಅದು ತಂಬಾಕು ಬಿಡುವವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.