ಗೇಟ್ ಹಾಕಿದ ಮೇಲೆ

"ಮ್ಯಾಮ್, ಅವಳು ಕುಡಿದಿದ್ಲು. ಗೊತ್ತಾದ್ರೆ ಹಾಸ್ಟೆಲಿಂದ ತೆಗೆದುಬಿಡ್ತಾರಾ?"

ಭಾನುವಾರ ಬೆಳಗ್ಗೆ ಫೋನ್ ಮಾಡಿದ ಹುಡುಗಿ ಮೊದಲು ಕೇಳಿದ್ದು ಇದನ್ನು. ರೂಮ್‌ಮೇಟ್ ಮೇಲೆ ಹಿಂದಿನ ರಾತ್ರಿ ಅತ್ಯಾಚಾರ ಆಗಿದೆ ಅಂತ ಹೇಳಿದ್ದು ಆಮೇಲೆ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಲೈಂಗಿಕ ಕಿರುಕುಳದ ದೂರುಗಳನ್ನು ನೋಡುವ ಅಲ್ಲಿನ ಆಂತರಿಕ ದೂರು ಸಮಿತಿಯಲ್ಲೂ ಇದ್ದೇನೆ. ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರ್ ಇರುವುದು ಇಂಥ ಹೊತ್ತಿಗೆ ಅಂತಲೇ. ಅಷ್ಟು ದೊಡ್ಡ ಅನ್ಯಾಯ ಆದ ಮೇಲೂ ಆ ಮಕ್ಕಳಿಗೆ ಮೊದಲು ಬಂದಿದ್ದು ನಮ್ಮ ರೂಲ್ಸಿನ ಭಯ. ಅದು ನನ್ನ ಎದೆಗೆ ನಾಟಿತು.

ಅನ್ಯಾಯ ಆದ ಆ ಹುಡುಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ದಿನ, ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಅವಳ ಗುರುತು ಹೊರಗೆ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ.

ಹಿಂದಿನ ದಿನ ಕಾಲೇಜಿನಲ್ಲಿ ಎಥ್ನಿಕ್ ಡೇ. ನವೆಂಬರ್ ಬಂತು ಅಂದರೆ ಇಲ್ಲಿ ಬಹಳಷ್ಟು ಕಾಲೇಜುಗಳಲ್ಲಿ ಇದೇ ಸಡಗರ. ಹುಡುಗರು ಪಂಚೆ ಶಲ್ಯ, ಹುಡುಗಿಯರು ಅಮ್ಮನ ಸೀರೆ, ಮಧ್ಯಾಹ್ನ ಡೊಳ್ಳು, ಸಂಜೆ ಡಿಜೆ. ಅದು ಮುಗಿದ ಮೇಲೆ ಆಫ್ಟರ್ ಪಾರ್ಟಿ. ಪಬ್ಬಿಗೆ ಹೋದರೆ ಬಾಗಿಲಲ್ಲೇ ಐಡಿ ಕೇಳುತ್ತಾರೆ, 21 ಆಗಿಲ್ಲ ಅಂದರೆ ವಾಪಸ್ಸು ಕಳಿಸುತ್ತಾರೆ. ಹಾಗಾಗಿ ಎರಡನೇ ವರ್ಷದ ಮಕ್ಕಳ ಪಾರ್ಟಿ ನಡೆಯುವುದು ಸೀನಿಯರ್‌ಗಳು ಬಾಡಿಗೆಗೆ ಹಿಡಿದ ಫ್ಲಾಟುಗಳಲ್ಲಿ. ಅಲ್ಲಿ ಯಾರು ಎಷ್ಟು ಸುರಿಯುತ್ತಾರೆ, ಏನಕ್ಕೆ ಏನು ಬೆರೆಸುತ್ತಾರೆ ಅಂತ ನೋಡುವವರೇ ಇರಲ್ಲ. ಅವಳ ಲೋಟಕ್ಕೆ ಮತ್ತೆ ಮತ್ತೆ ಸುರಿದವನು ಫೈನಲ್ ಇಯರ್ ಹುಡುಗ. ಎಲ್ಲರಿಗೂ ಬೇಕಾದವನು. ಫೆಸ್ಟ್ ಕಮಿಟಿಯಲ್ಲಿ ಇದ್ದವನು.

ತಲೆ ತಿರುಗಲು ಶುರುವಾದಾಗ ಅವಳು ಹೊರಡುತ್ತೇನೆ ಅಂದಳಂತೆ. ಆಗ ಗಂಟೆ ಒಂಬತ್ತರ ಹತ್ತಿರ. ನಮ್ಮ ಹಾಸ್ಟೆಲ್ ಗೇಟ್ ಹಾಕುವುದು ಒಂಬತ್ತೂವರೆಗೆ. "ಈ ಟ್ರಾಫಿಕ್ಕಲ್ಲಿ ಗೇಟ್ ಟೈಮಿಗೆ ಮುಟ್ಟಲ್ಲ ಕಣೇ. ಮುಟ್ಟಿದ್ರೂ ವಾಸನೆ ಬರತ್ತೆ, ವಾರ್ಡನ್ ಮನೆಗೆ ಫೋನ್ ಮಾಡ್ತಾರೆ. ಇಲ್ಲೇ ಇದ್ದು ಬೆಳಗ್ಗೆ ಹೋಗು" ಅಂತ ಒಬ್ಬ ಸೀನಿಯರ್ ಹುಡುಗಿ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮ ರೂಲ್ಸು ಗೊತ್ತಿದ್ದ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು. ಹುಡುಗಿಯರು ಸೇಫಾಗಿ ಇರಲಿ ಅಂತ ನಾವು ಹಾಕಿದ ಗೇಟು ಅವಳನ್ನು ಆ ಫ್ಲಾಟಿನೊಳಗೆ ಉಳಿಸಿತು.

ಸ್ವಲ್ಪ ಹೊತ್ತಿಗೆ ಅವಳಿಗೆ ನಿಲ್ಲಲಾಗಲಿಲ್ಲ. ಆ ಹುಡುಗ ಕೈ ಹಿಡಿದು ಒಳಗಿನ ರೂಮಿಗೆ ಕರೆದುಕೊಂಡು ಹೋದ. ಹಾಲಿನಲ್ಲಿ ಇದ್ದವರೆಲ್ಲ ನೋಡಿದ್ದಾರೆ. ಯಾರೋ ಏಳಲು ಹೊರಟರೆ ಇನ್ಯಾರೋ "ಅವನು ನೋಡ್ಕೋತಾನೆ ಬಿಡು" ಅಂದರಂತೆ. ಬಾಗಿಲು ಮುಚ್ಚಿತು. ಅದರಾಚೆಗಿನದನ್ನು ಅವಳು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದ್ದಾಳೆ. ನಾನು ಇಲ್ಲಿ ಬರೆಯಬೇಕಾಗಿಲ್ಲ.

ಬೆಳಗ್ಗೆ ಗೇಟ್ ತೆರೆಯುತ್ತಲೇ ಅವಳು ಹಾಸ್ಟೆಲಿಗೆ ಬಂದು ನೇರ ಬಾತ್‌ರೂಮಿಗೆ ಹೊರಟಿದ್ದಳು. ತಡೆದಿದ್ದು ನನಗೆ ಫೋನ್ ಮಾಡಿದ ರೂಮ್‌ಮೇಟ್. ಚಿಕ್ಕ ಹುಡುಗಿ, ಆದರೆ ಅವತ್ತು ಅವಳಷ್ಟು ಚೆನ್ನಾಗಿ ಯೋಚನೆ ಮಾಡಿದವರು ಇನ್ನೊಬ್ಬರಿಲ್ಲ. ಸ್ನಾನ ಬೇಡ ಅಂದಳು. ಸೀರೆ, ಬ್ಲೌಸು, ಒಳಬಟ್ಟೆ ಎಲ್ಲ ತೆಗೆದು ದಿನಸಿ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟಿದ್ದಳು. "ಒಗೆಯಬಾರದು ಅಲ್ವಾ ಮ್ಯಾಮ್?" ಅಂತ ಫೋನಿನಲ್ಲೇ ಕೇಳಿದಳು.

ಹತ್ತಿರ ಅಂತ ಮೊದಲು ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಕೌಂಟರಿನಲ್ಲಿ "ಇದು ಎಂಎಲ್‌ಸಿ ಕೇಸು ಮೇಡಂ, ನಾವು ತಗೊಳ್ಳಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಮೊದಲು ಎಫ್‌ಐಆರ್ ಮಾಡಿಸಿ" ಅಂದರು. ಎಂಎಲ್‌ಸಿ ಅಂದರೆ ಪೊಲೀಸು, ಕೋರ್ಟಿಗೆ ಹೋಗುವಂಥ ಕೇಸು. ಇದು ಸುಳ್ಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಪ್ರಕಾರ ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಇಂಥವರಿಗೆ ತಕ್ಷಣ, ಒಂದು ಪೈಸೆ ಇಸಿದುಕೊಳ್ಳದೆ ಚಿಕಿತ್ಸೆ ಕೊಡಬೇಕು. ಪೊಲೀಸರಿಗೆ ತಿಳಿಸುವುದೂ ಅವರದ್ದೇ ಕೆಲಸ. ಕೊಡದೇ ಹೋದರೆ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದವರೆಗೂ ಜೈಲು ಆಗಬಹುದು. ನಾನು ಇದನ್ನೆಲ್ಲ ಹೇಳಿದೆ. ಅವರು ಯಾರಿಗೋ ಫೋನ್ ಮಾಡಿದರು, ಕಾಯಿರಿ ಅಂದರು. ಆ ಹುಡುಗಿ ಕುರ್ಚಿಯ ಮೇಲೆ ಮುದುರಿಕೊಂಡು ಕೂತಿದ್ದಳು. ಜಗಳ ಆಮೇಲೆ ಆಡೋಣ ಅಂತ ಆಟೋ ಹತ್ತಿದೆವು. ಆ ಆಸ್ಪತ್ರೆಯ ಮೇಲೆ ಆಮೇಲೆ ದೂರು ಕೊಟ್ಟಿದ್ದೇವೆ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರನ್ನು ನಾನು ಮರೆಯಲಾರೆ. ನಮ್ಮನ್ನೆಲ್ಲ ಬಿಟ್ಟು ನೇರ ಅವಳ ಹತ್ತಿರ ಮಾತಾಡಿದರು. "ನೋಡಮ್ಮಾ, ಒಂದೊಂದಕ್ಕೂ ನಿನ್ನನ್ನ ಕೇಳಿಯೇ ಮಾಡ್ತೀನಿ. ಯಾವುದು ಬೇಡ ಅನ್ಸುತ್ತೋ ಬೇಡ ಅನ್ನು. ಬೇಡ ಅಂದ್ರೂ ಟ್ರೀಟ್‌ಮೆಂಟ್ ನಿಲ್ಲಲ್ಲ." ಹಿಂದೆ ಸಂಬಂಧ ಇತ್ತಾ ಅಂತ ನೋಡಲು ಬೆರಳು ಹಾಕಿ ಮಾಡುತ್ತಿದ್ದ ಆ ಎರಡು ಬೆರಳಿನ ಪರೀಕ್ಷೆ ಬಗ್ಗೆ ರೂಮ್‌ಮೇಟ್ ಹೆದರಿಕೊಂಡೇ ಕೇಳಿದಳು. ಅದನ್ನ ಮಾಡಲೇಬಾರದು, ಮಾಡಿದವರು ತಪ್ಪಿತಸ್ಥರು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಆಗ ಅವಳ ಭುಜ ಸ್ವಲ್ಪ ಸಡಿಲವಾಯಿತು.

ಪ್ಲಾಸ್ಟಿಕ್ ಕವರಿನಲ್ಲಿದ್ದ ಬಟ್ಟೆಗಳನ್ನು ನರ್ಸ್ ಗ್ಲೌಸ್ ಹಾಕಿಕೊಂಡು ತೆಗೆದರು. ಪ್ಲಾಸ್ಟಿಕ್ಕಿನಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತೆ, ಸಾಕ್ಷ್ಯ ಕೆಡುತ್ತೆ ಅಂತ ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿದರು. ಸೀರೆಯನ್ನು ಕಾಗದದ ಮೇಲೆ ಹರಡಿದರು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಸೆರಗಿಗೆ ಹಾಕಿದ್ದ ಪಿನ್ನು ಹಾಗೇ ಇತ್ತು, ಪಿನ್ನಿನ ಸುತ್ತ ಬಟ್ಟೆ ಹರಿದಿತ್ತು. ಬ್ಲೌಸಿನ ಒಂದು ಹುಕ್ ಇರಲಿಲ್ಲ. ನರ್ಸ್ ಹೇಳುತ್ತಾ ಹೋದರು, ಡಾಕ್ಟರ್ ಬರೆಯುತ್ತಾ ಹೋದರು. ಆಮೇಲೆ ಅರಗಿನ ಸೀಲು, ಚೀಟಿ, ಸಹಿ. ಅವಳು ಅದನ್ನೇ ನೋಡುತ್ತಿದ್ದವಳು "ಅದು ಅಮ್ಮಂದು" ಅಂದಳು. ಇಡೀ ಬೆಳಗ್ಗೆ ಅವಳು ತಾನಾಗಿ ಆಡಿದ ಮೊದಲ ಮಾತು.

ಗರ್ಭ ನಿಲ್ಲದಂತೆ ಮಾತ್ರೆ ಕೊಟ್ಟರು. ಎಚ್‌ಐವಿ ತಗುಲದಂತೆ 28 ದಿನದ ಮಾತ್ರೆಗಳನ್ನು ಶುರು ಮಾಡಿದರು. ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಹಾಸ್ಟೆಲಿಂದ ತೆಗೀತಾರಾ ಅಂತ ಎರಡು ದಿನ ಯೋಚನೆ ಮಾಡುತ್ತಾ ಕೂತ ಹುಡುಗಿಗೆ ಈ 72 ಗಂಟೆಯಲ್ಲಿ ಉಳಿಯುವುದೆಷ್ಟು, ನೀವೇ ಹೇಳಿ.

ಪೊಲೀಸ್ ಠಾಣೆಯಲ್ಲಿ "ಫ್ಲಾಟ್ ನಮ್ಮ ಲಿಮಿಟ್ಸಿಗೆ ಬರಲ್ಲ" ಅಂದರು. ಝೀರೋ ಎಫ್‌ಐಆರ್, ಅಂದರೆ ಲಿಮಿಟ್ಸ್ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್, ಹಾಕಿ ಆಮೇಲೆ ಆ ಠಾಣೆಗೆ ಕಳಿಸಿ ಅಂದ ಮೇಲೆ ಕಂಪ್ಯೂಟರ್ ಆನ್ ಆಯಿತು. ಹೇಳಿಕೆ ಬರೆದುಕೊಂಡ ಮಹಿಳಾ ಎಸ್‌ಐ ಮಾತ್ರ ತುಂಬಾ ತಾಳ್ಮೆಯವರು. "ಎಷ್ಟು ಕುಡಿದಿದ್ದೆ?" ಅಂತ ಅವರೂ ಕೇಳಿದರು. ಅವಳು ತಲೆ ತಗ್ಗಿಸಿದಾಗ, "ನಿನ್ನ ತಪ್ಪು ಹುಡುಕೋಕೆ ಕೇಳ್ತಿಲ್ಲ. ಮೈಮೇಲೆ ಎಚ್ಚರ ಇರ್ಲಿಲ್ಲ ಅಂದ್ರೆ ಅದು ಅವನ ಮೇಲಿನ ಕೇಸಿಗೆ ಬೇಕು" ಅಂದರು. ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಹೇಳುವುದೂ ಅದನ್ನೇ. ಏನು ನಡೆಯುತ್ತಿದೆ ಅಂತ ತಿಳಿಯದಷ್ಟು ಅಮಲಿನಲ್ಲಿ ಇದ್ದವಳು ಹೂಂ ಅಂದರೂ ಅದು ಒಪ್ಪಿಗೆಯಲ್ಲ. ಎದುರಿಸಲಿಲ್ಲ ಅನ್ನುವುದೂ ಒಪ್ಪಿಗೆಯಲ್ಲ. ಇನ್ನು ತಾನಾಗಿ ಕುಡಿದ ಗಂಡಸಿಗೆ ಅಮಲು ನೆಪ ಆಗುವುದಿಲ್ಲ. ನಮ್ಮ ಓಣಿ, ನಮ್ಮ ಸ್ಟಾಫ್ ರೂಮು ಇದನ್ನು ಪೂರ್ತಿ ತಿರುಗಿಸಿ ಮಾತಾಡುತ್ತವೆ. ಹುಡುಗ ಕುಡಿದಿದ್ದರೆ "ಪಾಪ, ಗೊತ್ತಾಗ್ಲಿಲ್ಲ" ಅನ್ನುತ್ತವೆ. ಹುಡುಗಿ ಕುಡಿದಿದ್ದರೆ "ಅವಳಿಗೆ ಗೊತ್ತಿರಬೇಕಿತ್ತು" ಅನ್ನುತ್ತವೆ.

ಅವಳಿಗೆ ಪೊಲೀಸರಿಗಿಂತ ಜಾಸ್ತಿ ಹೆದರಿಕೆ ಇದ್ದಿದ್ದು ಅಮ್ಮನ ಬಗ್ಗೆ. ತಿಪಟೂರಿನಿಂದ ಸಿಕ್ಕ ಬಸ್ಸು ಹತ್ತಿ ಆ ತಾಯಿ ಮಧ್ಯಾಹ್ನದ ಹೊತ್ತಿಗೆ ಠಾಣೆಗೆ ಬಂದರು. ಮಗಳ ಪಕ್ಕ ಕೂತು ತಲೆ ನೇವರಿಸಿದರು. ಅವಳು ಅಳುತ್ತಾ "ಅಮ್ಮಾ, ನಾನು ಕುಡಿದಿದ್ದೆ" ಅಂದಳು. ತಾಯಿ ನನ್ನ ಕಡೆ ತಿರುಗಿ, "ಕುಡಿದಿದ್ದಕ್ಕೆ ಮನೇಲಿ ನಾನು ಬೈತೀನಿ ಮೇಡಂ, ಅದು ನಮ್ಮನೆ ವಿಷಯ. ಅವನು ಮಾಡಿದ್ದಕ್ಕೆ ಕೇಸ್ ಆಗಲೇಬೇಕು. ಎರಡನ್ನೂ ಒಂದೇ ಮಾಡಬೇಡಿ" ಅಂದರು. ನಾವು ಓದಿದವರು ಕಲಿಯಬೇಕಾದದ್ದನ್ನು ಆ ತಾಯಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು.

ಕಾಲೇಜಿನಲ್ಲಿ ಅಷ್ಟು ಸುಲಭ ಆಗಲಿಲ್ಲ. ಯುಜಿಸಿಯ 2015ರ ನಿಯಮದಂತೆ ಸಮಿತಿ ಕೂತಿತು. ಅವಳ ಮನವಿಯ ಮೇಲೆ ಆ ಹುಡುಗ ಕ್ಯಾಂಪಸ್ಸಿಗೆ ಕಾಲಿಡದ ಹಾಗೆ ಮಾಡಿದೆವು. ಫ್ಲಾಟ್ ನಮ್ಮ ಕ್ಯಾಂಪಸ್ ಅಲ್ಲವಲ್ಲ ಅಂತ ವಾದ ಬಂತು. ಹಿರಿಯ ಸಹೋದ್ಯೋಗಿಯೊಬ್ಬರು "ಇಂಥ ಪಾರ್ಟಿಗಳಲ್ಲಿ ಇದೆಲ್ಲ ಆಗೋದೇ" ಅಂದರು. ನನಗೆ ಮೈ ಉರಿಯಿತು. 2016ರ ಡಿಸೆಂಬರ್ 31ರ ರಾತ್ರಿ ಎಂಜಿ ರೋಡು, ಬ್ರಿಗೇಡ್ ರೋಡಿನಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ಸುದ್ದಿ ಬಂದಾಗ, ಆಗಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಪಾಶ್ಚಾತ್ಯರಂಥ ಉಡುಪಿನ ಮಾತಾಡಿ, ಇಂಥವು ನಡೆಯುತ್ತವೆ ಅನ್ನುವ ಅರ್ಥದಲ್ಲಿ ಹೇಳಿ ದೇಶದ ತುಂಬಾ ಟೀಕೆಗೆ ಒಳಗಾಗಿದ್ದರು. ಅಷ್ಟು ವರ್ಷವಾದರೂ ಅದೇ ಮಾತು ನಮ್ಮ ಟೇಬಲ್ಲಿನ ಮೇಲೆ ಬಂದು ಕೂತಿತ್ತು. ಅಮ್ಮನ ಇಳಕಲ್ ಸೀರೆ ಉಟ್ಟಿದ್ದಳು ಸಾರ್ ಅಂದೆ. ಏನು ಉಟ್ಟಿದ್ದರೂ ಅಷ್ಟೇ ಅಂತಲೂ ಸೇರಿಸಿದೆ.

ಅವತ್ತು ನಾನು ಎರಡು ವಿಷಯ ಕೇಳಿದೆ. ತನಗಾಗಿದ್ದನ್ನು ಹೇಳಲು ಬಂದವಳಿಗೆ, ಅವಳನ್ನು ಕರೆತಂದವರಿಗೆ, ಸಾಕ್ಷಿ ಹೇಳುವವರಿಗೆ ಕುಡಿದಿದ್ದಕ್ಕೆ ಶಿಕ್ಷೆ ಇಲ್ಲ. ಮತ್ತೆ, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಗೇಟ್ ತೆಗೆಯಬೇಕು, ಪ್ರಶ್ನೆಗಳೆಲ್ಲ ಬೆಳಗ್ಗೆ. "ಹಾಗಾದ್ರೆ ಕುಡಿಯೋಕೆ ಲೈಸೆನ್ಸ್ ಕೊಟ್ಟಂಗಾಗಲ್ವಾ?" ಅಂದರು ವಾರ್ಡನ್. ಆ ಹಾಲಿನಲ್ಲಿ ಅಷ್ಟು ಜನ ಇದ್ದರು, ಸಮಿತಿ ಮುಂದೆ ಬಂದು ಬಾಯಿ ಬಿಡಲು ಅವರೆಲ್ಲ ಹಿಂಜರಿದಿದ್ದು ತಾವೂ ಕುಡಿದಿದ್ದೆವು ಅಂತಲೇ. ಅವನಿಗೆ ಅಷ್ಟು ಗಟ್ಟಿ ರಕ್ಷಣೆ ಬೇರೆ ಯಾವ ವಕೀಲರೂ ಕೊಡುತ್ತಿರಲಿಲ್ಲ. ಇದನ್ನು ಹೇಳಿದಾಗ ವಾರ್ಡನ್ ಸುಮ್ಮನಾದರು. ಮುಂದಿನ ಮೀಟಿಂಗಿನಲ್ಲಿ ನಿಯಮದ ಕರಡು ತಯಾರು ಮಾಡಿ ತಂದವರು ಅವರೇ.

ನಿಯಮ ಬಂದ ಮೇಲೆ ಹಾಲಿನಲ್ಲಿದ್ದ ಮೂವರು ಬಂದು ಹೇಳಿಕೆ ಕೊಟ್ಟರು. ಅದರಲ್ಲಿ "ಇಲ್ಲೇ ಇರು" ಅಂದಿದ್ದ ಆ ಸೀನಿಯರ್ ಹುಡುಗಿಯೂ ಇದ್ದಳು. ಕೇಸು ಕೋರ್ಟಿನಲ್ಲಿದೆ. ಸೀರೆ ಮುದ್ದೆಮಾಲು, ಅಂದರೆ ಸಾಕ್ಷ್ಯದ ವಸ್ತು ಆಗಿ ಅಲ್ಲೇ ಇದೆ. ಅವಳು ಒಂದು ಸೆಮಿಸ್ಟರ್ ಬಿಟ್ಟು ಮತ್ತೆ ಕ್ಲಾಸಿಗೆ ಬರುತ್ತಿದ್ದಾಳೆ.

ಈ ವರ್ಷ ಹೊಸ ಮಕ್ಕಳ ಓರಿಯಂಟೇಷನ್ನಿನಲ್ಲಿ ಹುಡುಗ, ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಮಾತಾಡಿದೆ. ತುರ್ತು ನಂಬರ್ 112, ಮಹಿಳಾ ಸಹಾಯವಾಣಿ 181, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರ ಎಲ್ಲ ಹೇಳಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 2015ರಲ್ಲಿ ಪಾರ್ಟಿಯೊಂದರ ಹೊರಗೆ ಎಚ್ಚರ ತಪ್ಪಿ ಬಿದ್ದಿದ್ದ ಹೆಣ್ಣುಮಗಳ ಮೇಲೆ ಒಬ್ಬ ವಿದ್ಯಾರ್ಥಿ ದೌರ್ಜನ್ಯ ಮಾಡುತ್ತಿದ್ದಾಗ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಸ್ವೀಡನ್ ಹುಡುಗರು ನಿಂತು, ಓಡಿಹೋಗುತ್ತಿದ್ದವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದ್ದನ್ನೂ ಹೇಳಿದೆ. ಅವಳು ಯಾರು ಅಂತ ಅವರಿಗೆ ಗೊತ್ತೂ ಇರಲಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮ್ಯಾಮ್, ಕುಡಿದಿದ್ರೂ ಶಿಕ್ಷೆ ಇಲ್ಲ ಅಂದ್ರಲ್ಲ, ಅದು ಬಾಯ್ಸ್ ಹಾಸ್ಟೆಲಿಗೂ ಇದೆಯಾ? ನಾವೂ ಕುಡಿದಿರ್ತೀವಿ, ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಮೊದಲು ನಮ್ಮನ್ನೇ ಹಿಡೀತಾರೆ."

ನಿಯಮ ತೆಗೆದು ನೋಡಿದೆ. ಮಹಿಳಾ ವಿದ್ಯಾರ್ಥಿನಿಲಯ ಅಂತಷ್ಟೇ ಇತ್ತು. ಮುಂದಿನ ಸಮಿತಿ ಸಭೆಯ ಮೊದಲ ವಿಷಯವಾಗಿ ಅದನ್ನು ಬರೆಸಿದ್ದೇನೆ. ಪ್ರಶ್ನೆ ಕೇಳಿದ ಹುಡುಗನನ್ನೂ ಬರಹೇಳಿದ್ದೇನೆ.